ಎರೆಮಣ್ಣಿನ ನಾಡಿಗೆ ಸಾಲ ತೀರಿಸಲು ಬಂದ ಡಾಕ್ಟರು

ಕ್ಲಾರ್ಕ್ಸ್‌ಡೇಲ್ ದಾಟಿ ದಕ್ಷಿಣಕ್ಕೆ ಹೊರಟರೆ 61ನೇ ಹೆದ್ದಾರಿ ಚಾಚಿಕೊಂಡು ಮಲಗಿಬಿಡುತ್ತದೆ. ಏರಿಲ್ಲ, ಇಳಿವಿಲ್ಲ, ತಿರುವೂ ಅಪರೂಪ. ಎಡಕ್ಕೂ ಬಲಕ್ಕೂ ಕಣ್ಣು ಸೋಲುವವರೆಗೆ ಹತ್ತಿ. ಅಕ್ಟೋಬರ್ ಹೊತ್ತಿಗೆ ಎಲೆ ಉದುರಿಸುವ ಔಷಧ ಹೊಡೆದು ಗಿಡಗಳನ್ನು ಬೋಳು ಮಾಡಿರುತ್ತಾರೆ. ಕಂದು ಕಡ್ಡಿಗಳು, ಅವುಗಳ ಮೇಲೆ ಬಿರಿದ ಕಾಯಿಗಳ ಬಿಳುಪು, ಅಷ್ಟೆ. ಕೊಯ್ಲಿನ ಯಂತ್ರಗಳು ಹತ್ತಿಯನ್ನು ದಪ್ಪ ಉರುಳೆಗಳಾಗಿ ಸುತ್ತಿ, ಹಳದಿಯದೋ ಗುಲಾಬಿಯದೋ ಪ್ಲಾಸ್ಟಿಕ್ ಹೊದಿಸಿ, ಹೊಲದ ಅಂಚಿನಲ್ಲಿ ಸಾಲಾಗಿ ಬಿಟ್ಟುಹೋಗಿವೆ. ಮನುಷ್ಯರು ಕಾಣುವುದಿಲ್ಲ. ಈ ಹೊಲಗಳಲ್ಲಿ ಒಂದು ಕಾಲಕ್ಕೆ ಬಗ್ಗಿ ಹತ್ತಿ ಬಿಡಿಸುತ್ತಿದ್ದವರು ಮೊದಲು ಗುಲಾಮರು, ಆಮೇಲೆ ಗುಲಾಮರ ಮಕ್ಕಳಾದ ಪಾಲುಗೇಣಿದಾರರು. ಯಂತ್ರ ಬಂದ ಮೇಲೆ ಅವರಲ್ಲಿ ಬಹುಪಾಲು ಜನ ಶಿಕಾಗೊ, ಡೆಟ್ರಾಯ್ಟ್ ಕಡೆ ರೈಲು ಹತ್ತಿದರು. ಹೋಗಲಾಗದವರು, ಹೋಗಲೊಲ್ಲದವರು ಇಲ್ಲೇ ಉಳಿದರು.

ಇದು ಮಿಸಿಸಿಪ್ಪಿ ಡೆಲ್ಟಾ. ನದಿ ಸಮುದ್ರ ಸೇರುವ ಜಾಗ ಇದಲ್ಲ. ಅದು ಬಹಳ ಕೆಳಗೆ, ಲೂಸಿಯಾನದಲ್ಲಿದೆ. ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವಿನ ಈ ತಗ್ಗು ಬಯಲನ್ನು ಸಾವಿರಾರು ವರ್ಷಗಳ ನೆರೆ ಹಾಸಿ ಮಾಡಿದೆ. ಗದಗ, ರೋಣ, ನರಗುಂದದ ಎರೆಹೊಲ ತುಳಿದವರಿಗೆ ಇಲ್ಲಿನ ಜೇಡಿಮಣ್ಣು ಅಪರಿಚಿತವೆನಿಸದು. ಮಳೆ ಬಿದ್ದರೆ ಕಾಲು ಕೀಳಲು ಬಿಡುವುದಿಲ್ಲ. ಬಿಸಿಲಿಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ.

ರಸ್ತೆ ಬದಿಯ ಕಟ್ಟಡಗಳನ್ನು ನೋಡುತ್ತಾ ಹೋದರೆ ಇಲ್ಲಿಯವರ ಬದುಕು ತಾನಾಗಿ ತಿಳಿಯುತ್ತದೆ. ಇಟ್ಟಿಗೆಯ ಪುಟ್ಟ ಚರ್ಚು. ಕರಿದ ಕೋಳಿ, ಬಿಸಿ ತಮಾಲೆ ಮಾರುವ ಪೆಟ್ರೋಲ್ ಬಂಕು. ಹಳದಿ ಫಲಕದ ಡಾಲರ್ ಅಂಗಡಿ. ಅಲ್ಲಿ ಚಿಪ್ಸು, ಸೋಡಾ, ಸೋಪು ಧಾರಾಳ, ಹಸಿ ತರಕಾರಿ ಕಡಿಮೆ. ಮತ್ತೆ ಚರ್ಚು. ಆಮೇಲೆ ಒಂದಂತಸ್ತಿನ, ಸುತ್ತಲಿನದಕ್ಕಿಂತ ಹೊಸತಾಗಿ ಕಾಣುವ ಕಟ್ಟಡ, ಮುಂದೆ ಗಾಲಿಕುರ್ಚಿ ಏರಿಸುವ ವ್ಯಾನು: ಡಯಾಲಿಸಿಸ್ ಕೇಂದ್ರ. ಅಮೆರಿಕದ ಅತ್ಯಂತ ಫಲವತ್ತಾದ ನೆಲಗಳಲ್ಲಿ ಒಂದರ ಮೇಲೆ ನಿಂತ ಜನರ ಮೂತ್ರಪಿಂಡಗಳು ಹೀಗೆ ಸೋಲುತ್ತಿವೆ. ಸಕ್ಕರೆ ಕಾಯಿಲೆಯನ್ನು, ರಕ್ತದೊತ್ತಡವನ್ನು ಮೂವತ್ತೈದನೇ ವಯಸ್ಸಿನಲ್ಲೇ ಗುರುತಿಸಿ, ವರ್ಷವರ್ಷವೂ ಹಿಂದೆ ಬಿದ್ದು ಮದ್ದು ನುಂಗಿಸುವ ಒಬ್ಬ ಡಾಕ್ಟರಿದ್ದಿದ್ದರೆ ಈ ವ್ಯಾನಿನಲ್ಲಿ ಬಂದವರಲ್ಲಿ ಹಲವರು ಇಲ್ಲಿಗೆ ಬರಬೇಕಾಗಿರಲಿಲ್ಲ. ಇಲ್ಲಿ ಕೊರತೆ ಬಿದ್ದಿರುವುದು ದೊಡ್ಡ ಆಸ್ಪತ್ರೆಯ ದೊಡ್ಡ ಯಂತ್ರಕ್ಕಿಂತ ಮೊದಲು ಅಂಥ ಒಬ್ಬ ಸಾಧಾರಣ ಡಾಕ್ಟರಿಗೆ.

ಬೊಲಿವರ್ ಕೌಂಟಿಯ ಒಂದು ಚಿಕಿತ್ಸಾಲಯದ ಹೊರಕೋಣೆ. ಬೆಳಗಿನ ಎಂಟಕ್ಕೇ ಕುರ್ಚಿಗಳು ತುಂಬಿವೆ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜಿ, ಬೂಟಿಗೆ ಮಣ್ಣು ಮೆತ್ತಿದ ಟ್ರ್ಯಾಕ್ಟರ್ ಚಾಲಕ, ಕಣ್ಣು ತೂಗುತ್ತಿರುವ ರಾತ್ರಿ ಪಾಳಿಯ ಹುಡುಗಿ. ನನ್ನ ಪಕ್ಕದಲ್ಲಿ ಕೂತವರು ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದ ಹೆಂಗಸು. ಕೈಚೀಲದಲ್ಲಿ ಔಷಧದ ಬಾಟಲಿಗಳ ಜೊತೆ ಒಂದು ನೋಟ್‌ಬುಕ್ಕು. ಯಾವ ಮಾತ್ರೆ ಯಾವಾಗ ಶುರುವಾಯಿತು, ಯಾವುದನ್ನು ಯಾಕೆ ಬಿಡಿಸಿದರು, ಯಾವುದು ಮೈಗೆ ಒಗ್ಗಲಿಲ್ಲ, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. "ಹೊಸ ಡಾಕ್ಟರು ಬಂದಾಗಲೆಲ್ಲ ನನ್ನ ಕಥೆ ಮೊದಲಿಂದ ಹೇಳಬೇಕು" ಎಂದರು. "ನನ್ನ ತಾಯಿ ಯಾವುದರಿಂದ ಸತ್ತಳು ಅನ್ನುವುದರಿಂದ ಶುರು. ಅವರಿಗೆ ನನ್ನ ಪರಿಚಯ ಆಗುವಷ್ಟರಲ್ಲಿ ಅವರ ಸಾಲ ತೀರಿರುತ್ತದೆ."

ಡಾಕ್ಟರ ಸಾಲದ ಲೆಕ್ಕ ರೋಗಿಯ ಬಾಯಲ್ಲಿ! ಆದರೆ ಇಲ್ಲಿ ಅದು ಗುಟ್ಟಿನ ಮಾತೇ ಅಲ್ಲ. ಯಾವ ಡಾಕ್ಟರ ಕರಾರು ಯಾವಾಗ ಮುಗಿಯುತ್ತದೆ ಎಂಬುದು ಚರ್ಚಿನ ಅಂಗಳದಲ್ಲಿ, ಕ್ಷೌರದಂಗಡಿಯಲ್ಲಿ ಮಳೆಯ ಸುದ್ದಿಯಷ್ಟೇ ಸಹಜವಾಗಿ ಓಡಾಡುತ್ತದೆ.

ಒಳಗಿರುವ ಡಾಕ್ಟರಿಗೆ ಮೂವತ್ತರ ಮೇಲೆ ಎರಡೋ ಮೂರೋ ವರ್ಷ. ಉತ್ತರದ ನಗರವೊಂದರಲ್ಲಿ ಬೆಳೆದವಳು, ಕುಟುಂಬ ವೈದ್ಯಶಾಸ್ತ್ರ ಓದಿದವಳು. ಅಮೆರಿಕದಲ್ಲಿ ಸಾಲ ಮಾಡಿ ವೈದ್ಯರಾಗುವವರು ಹೊರಬರುವಾಗ ಹೊತ್ತಿರುವ ಹೊರೆ ಹೆಚ್ಚುಕಡಿಮೆ 2 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿಗೂ ಮೇಲೆ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಶಿಕ್ಷಣ ಸಾಲದ ಬಡ್ಡಿ ಇಂಥ ಓದಿಗೆ ಶೇಕಡ 8ರ ಆಸುಪಾಸಿನಲ್ಲಿದೆ. ಅಂದರೆ ಅಸಲು ಒಂದು ಡಾಲರೂ ಇಳಿಯದೆ, ಬಡ್ಡಿಗೇ ವರ್ಷಕ್ಕೆ 16,000 ಡಾಲರ್. ಪದವಿಯ ನಂತರ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಆ ಸಂಬಳದಲ್ಲಿ ಬಾಡಿಗೆ, ಊಟ ಕಳೆದರೆ ಕೈಗೆ ಉಳಿಯುವುದು ಕಡಿಮೆ. ಬಡ್ಡಿ ಮಾತ್ರ ರಾತ್ರಿ ನಿದ್ದೆ ಮಾಡುವುದಿಲ್ಲ. ಇಂಥ ಹೊತ್ತಲ್ಲಿ ಇಪ್ಪತ್ತೇಳರ ಹುಡುಗಿ ಮೂಳೆಯ ಡಾಕ್ಟರಾಗಲೋ, ಹಳ್ಳಿಯ ಡಾಕ್ಟರಾಗಲೋ ಎಂದು ಯೋಚಿಸಿದರೆ, ಉತ್ತರವನ್ನು ಅರ್ಧದಷ್ಟು ಸಾಲವೇ ಬರೆದಿಟ್ಟಿರುತ್ತದೆ. ಮೂಳೆ ತಜ್ಞರ ಗಳಿಕೆ ಕುಟುಂಬ ವೈದ್ಯರದಕ್ಕಿಂತ ಸುಮಾರು ಎರಡು ಪಟ್ಟು. ಅಮೆರಿಕನ್ನರಲ್ಲಿ ಐವರಲ್ಲಿ ಒಬ್ಬರು ಗ್ರಾಮಾಂತರದಲ್ಲಿದ್ದಾರೆ. ಅಲ್ಲಿ ಕೆಲಸ ಮಾಡುವ ವೈದ್ಯರು ಹತ್ತರಲ್ಲಿ ಒಬ್ಬರು ಮಾತ್ರ. ವೈದ್ಯರ ಮನಸ್ಸು ಕೆಟ್ಟದ್ದು ಎಂದು ಇದಕ್ಕೆ ಕಾರಣ ಹುಡುಕುವುದು ಅನ್ಯಾಯ. ಓದು ಮುಗಿಯುವ ಮೊದಲೇ ಕತ್ತಿಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ನಗರಕ್ಕೆ ಬಿಗಿದವರು ನಾವು, ಅಂದರೆ ಆ ಓದಿಗೆ ಅಷ್ಟು ಬೆಲೆ ಕಟ್ಟಿದ ಸಮಾಜ.

ಆ ಹಗ್ಗವನ್ನು ಬಿಚ್ಚುವ ಯೋಜನೆಯ ಹೆಸರು ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್. ಹುಟ್ಟಿದ್ದು 1970ರ ಕಾಯ್ದೆಯಿಂದ. ಸಿಯಾಟಲ್‌ನ ಮಕ್ಕಳ ವೈದ್ಯ ಏಬ್ ಬರ್ಗ್‌ಮನ್ ಬೆನ್ನುಬಿಡದೆ ಒತ್ತಾಯಿಸಿದರು, ವಾಷಿಂಗ್ಟನ್ ರಾಜ್ಯದ ಸೆನೆಟರ್ ವಾರನ್ ಮ್ಯಾಗ್ನಸನ್ ಮಸೂದೆ ಮಂಡಿಸಿದರು, ಅಧ್ಯಕ್ಷ ನಿಕ್ಸನ್ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು ಸಹಿ ಹಾಕಿದರು. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ವೈದ್ಯರಿಗೂ ಸೈನ್ಯದ ಕರೆ ಬರುತ್ತಿತ್ತು. ಸಾರ್ವಜನಿಕ ಆರೋಗ್ಯ ಸೇವೆಗೆ ಸೇರಿದರೆ ಅದನ್ನು ಸೈನ್ಯದ ಸೇವೆಯ ಬದಲಿಗೆ ಎಣಿಸುತ್ತಿದ್ದರು. ಹಳ್ಳಿಗೆ ಮೊದಲು ಬಂದ ಹಲವರಿಗೆ ಆದರ್ಶದ ಜೊತೆಗೆ ಅದೂ ಒಂದು ಕಾರಣ. 1973ರಲ್ಲಿ ಕಡ್ಡಾಯ ಸೈನ್ಯಭರ್ತಿ ನಿಂತಿತು. ಹಳ್ಳಿಗೆ ಕರೆತರಲು ಬೇರೆ ದಾರಿ ಬೇಕಾಯಿತು. ಮೊದಲು ವಿದ್ಯಾರ್ಥಿವೇತನ ಬಂತು. 1987ರಲ್ಲಿ ಸಾಲ ತೀರಿಸಿಕೊಡುವ ಯೋಜನೆ ಸೇರಿತು.

ಲೆಕ್ಕ ಹೀಗಿದೆ. ವೈದ್ಯರ ಕೊರತೆಯಿದೆ ಎಂದು ಸರ್ಕಾರ ಗುರುತಿಸಿದ ಪ್ರದೇಶದಲ್ಲಿ ಎರಡು ವರ್ಷ ಪೂರ್ಣಾವಧಿ ಕೆಲಸ ಮಾಡಿದರೆ, ಪ್ರಾಥಮಿಕ ಚಿಕಿತ್ಸೆಯ ವೈದ್ಯರಿಗೆ 75,000 ಡಾಲರ್‌ವರೆಗೆ ಸಾಲ ತೀರಿಸುತ್ತಾರೆ. 2024ಕ್ಕೆ ಮೊದಲು ಅದು 50,000 ಇತ್ತು. ಆ ಹಣಕ್ಕೆ ತೆರಿಗೆ ಇಲ್ಲ. ಬೇಕಿದ್ದರೆ ಆಮೇಲೆ ವರ್ಷವರ್ಷವೂ ಮುಂದುವರಿಸಬಹುದು. ಪ್ರತಿ ಪ್ರದೇಶಕ್ಕೂ ಸೊನ್ನೆಯಿಂದ 25ರವರೆಗೆ ಅಂಕ: ಎಷ್ಟು ಜನಕ್ಕೆ ಎಷ್ಟು ವೈದ್ಯರು, ಬಡತನ ಎಷ್ಟು, ಹಸುಗೂಸುಗಳ ಸಾವು ಮತ್ತು ತೂಕದ ಸ್ಥಿತಿ ಏನು, ಹತ್ತಿರದ ಚಿಕಿತ್ಸೆಗೆ ಎಷ್ಟು ಹೊತ್ತು ಪ್ರಯಾಣ. ಅಂಕ ಹೆಚ್ಚಿದ್ದಷ್ಟೂ ಆ ಜಾಗಕ್ಕೆ ಆದ್ಯತೆ. ಮಧ್ಯದಲ್ಲಿ ಬಿಟ್ಟುಹೋದರೆ ಉಳಿಸಿದ ಪ್ರತಿ ತಿಂಗಳಿಗೂ 7,500 ಡಾಲರ್ ದಂಡ, ಜೊತೆಗೆ ಕೊಟ್ಟದ್ದರ ವಾಪಸಾತಿ, ಬಡ್ಡಿ.

ಡೆಲ್ಟಾದ ಊರುಗಳಿಗೆ ಆ ಅಂಕ ಚೆನ್ನಾಗಿ ಸಿಗುತ್ತದೆ. ಇಂಥ ಪರೀಕ್ಷೆಯಲ್ಲಿ ಮುಂದಿರುವುದು ಯಾವ ಊರಿಗೂ ಬೇಡವಾಗಿತ್ತು.

ಚಿಕಿತ್ಸಾಲಯದಿಂದ ಹೆದ್ದಾರಿಗೆ ಮರಳಿದರೆ ಸಿಗುವುದು ಮೌಂಡ್ ಬಾಯೂ. ಇಲ್ಲಿ ನಿಲ್ಲದೆ ಹೋದರೆ ಈ ಸಾಲದ ಕಥೆಗೆ ಅರ್ಥವೇ ಬರುವುದಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಐಸಾಯ ಮಾಂಟ್‌ಗಮರಿ ಮತ್ತು ಅವರ ಸೋದರ ಸಂಬಂಧಿ ಬೆಂಜಮಿನ್ ಗ್ರೀನ್ 1887ರಲ್ಲಿ ಜೌಗು ಕಾಡು ಕಡಿಸಿ ಕಟ್ಟಿದ ಊರು. ಕಪ್ಪು ಜನ ತಾವೇ ಮೇಯರು, ತಾವೇ ಅಂಗಡಿಕಾರರು, ತಾವೇ ಜಮೀನುದಾರರಾಗಿ ಬಾಳಿದ ಊರು. ಈಗ ಜನಸಂಖ್ಯೆ ಸುಮಾರು ಒಂದೂವರೆ ಸಾವಿರ. ಮುಖ್ಯರಸ್ತೆಯ ಅಂಗಡಿಗಳಲ್ಲಿ ಕೆಲವಕ್ಕೆ ಹಲಗೆ ಬಡಿದಿದೆ. ಆದರೆ ಒಂದು ಹಳೆಯ ಇಟ್ಟಿಗೆ ಕಟ್ಟಡದ ಮುಂದೆ ನಿಂತವರು ತಾವಾಗಿ ಟೋಪಿ ತೆಗೆಯಬೇಕು: ಟೇಬೋರಿಯನ್ ಆಸ್ಪತ್ರೆ.

ಅದು ತೆರೆದದ್ದು 1942ರಲ್ಲಿ. ಬಿಳಿಯರ ಆಸ್ಪತ್ರೆಗೆ ಕಪ್ಪು ರೋಗಿ ಹೋದರೆ ಹಿಂಬಾಗಿಲು, ನೆಲಮಾಳಿಗೆ, ಇಲ್ಲವೇ ತಿರಸ್ಕಾರ ಎಂದಿದ್ದ ಕಾಲ. ಟೇಬರ್ ಹೆಸರಿನ ಸೋದರ ಸಂಘದ ಸದಸ್ಯರು, ಹೆಚ್ಚಿನವರು ಹೊಲದ ಕೂಲಿಗಳು ಮತ್ತು ಪಾಲುಗೇಣಿದಾರರು, ಕಾಸಿಗೆ ಕಾಸು ಕೂಡಿಸಿ ಆಸ್ಪತ್ರೆ ಕಟ್ಟಿಸಿಕೊಂಡರು. ಮುಂಬಾಗಿಲಿಂದ ಒಳಗೆ ಹೋಗಬಹುದಾದ ಆಸ್ಪತ್ರೆ. ಮೊದಲ ಮುಖ್ಯ ಶಸ್ತ್ರವೈದ್ಯ ಟಿ.ಆರ್.ಎಂ. ಹೊವರ್ಡ್. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಪ್ರಾಣ ಕೊಟ್ಟ ಮೆಡ್ಗರ್ ಎವರ್ಸ್ ಈ ಊರಿನಲ್ಲಿ ಹೊವರ್ಡ್ ಅವರ ವಿಮಾ ಕಂಪನಿಯ ನೌಕರರಾಗಿದ್ದವರು. ನ್ಯಾಶ್‌ವಿಲ್‌ನ ಮೆಹಾರಿ ವೈದ್ಯಕೀಯ ಕಾಲೇಜು ತನ್ನ ಶಸ್ತ್ರವೈದ್ಯರನ್ನು ಸರದಿಯ ಮೇಲೆ ಇಲ್ಲಿಗೆ ಕಳುಹಿಸುತ್ತಿತ್ತು. ಯಾರ ಸಾಲ ಮನ್ನಾ ಆಗದೆಯೂ ಡಾಕ್ಟರು ಬಂದರು. ಬರಮಾಡಿಕೊಳ್ಳಲು ಒಂದು ಮನೆ ಇತ್ತು, ಅದಕ್ಕೆ ಯಜಮಾನರು ಇದ್ದರು.

1960ರ ದಶಕದ ನಡುವಿಗೆ ಇಲ್ಲಿಗೆ ಜ್ಯಾಕ್ ಗೈಗರ್ ಬಂದರು. ವಿದ್ಯಾರ್ಥಿಯಾಗಿದ್ದಾಗ ದಕ್ಷಿಣ ಆಫ್ರಿಕಾದ ಫೋಲೇಲಾದಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿ ನಡೆಸುತ್ತಿದ್ದ ಸಮುದಾಯ ಆರೋಗ್ಯ ಕೇಂದ್ರವನ್ನು ನೋಡಿ ಬಂದವರು. ಬಾಸ್ಟನ್‌ನ ಟಫ್ಟ್ಸ್ ವಿಶ್ವವಿದ್ಯಾಲಯದ ಬೆಂಬಲ, ಬಡತನ ನಿವಾರಣೆಗೆಂದು ಕೇಂದ್ರ ಸರ್ಕಾರ ಕೊಟ್ಟ ಹಣ, ಊರೂರು ತಿರುಗಿ ಜನರನ್ನು ಸೇರಿಸಿದ ಜಾನ್ ಹ್ಯಾಚ್, ಇವೆಲ್ಲ ಕೂಡಿ 1967ರಲ್ಲಿ ಡೆಲ್ಟಾ ಹೆಲ್ತ್ ಸೆಂಟರ್ ರೋಗಿಗಳನ್ನು ನೋಡತೊಡಗಿತು. ಬಂದ ಮಕ್ಕಳು ಹಸಿವಿನಿಂದ ಸೊರಗಿದವರು. ಗೈಗರ್ ಮತ್ತು ಜೊತೆಯವರು ಚೀಟಿ ಬರೆದರು: ಇಷ್ಟು ಹಾಲು, ಇಷ್ಟು ತರಕಾರಿ, ಇಷ್ಟು ಮಾಂಸ. ಊರಿನ ದಿನಸಿ ಅಂಗಡಿಗಳು ಅದನ್ನು ಕೊಟ್ಟು ಬಿಲ್ಲನ್ನು ಕೇಂದ್ರದ ಔಷಧಾಲಯಕ್ಕೆ ಕಳಿಸಿದವು. ಮೇಲಿನ ಅಧಿಕಾರಿಗಳು ಔಷಧದ ಹಣದಲ್ಲಿ ಊಟವೇ ಎಂದು ತಕರಾರು ತೆಗೆದಾಗ, ಅಪೌಷ್ಟಿಕತೆಗೆ ವೈದ್ಯಗ್ರಂಥ ಹೇಳುವ ಔಷಧ ಆಹಾರವೇ ಎಂದು ಗೈಗರ್ ಉತ್ತರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕೇಂದ್ರದವರು ಬಾವಿ ತೋಡಿಸಿದರು, ಕಕ್ಕಸು ಕಟ್ಟಿಸಿದರು, ಕಿಟಕಿಗಳಿಗೆ ಸೊಳ್ಳೆ ಪರದೆ ಹಾಕಿಸಿದರು. ಕೂಲಿ ಕಳೆದುಕೊಂಡಿದ್ದ ಹತ್ತಿ ಹೊಲದ ಜನ ಸಹಕಾರಿ ಬೇಸಾಯ ಶುರುಮಾಡಿ, ಅದೇ ಎರೆಮಣ್ಣಿನಲ್ಲಿ ತಮಗಾಗಿ ತರಕಾರಿ ಬೆಳೆದರು. ಇದು ಅಮೆರಿಕದ ಮೊದಲ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರ. ಇಂದು ಆ ಬಗೆಯ ಸಂಸ್ಥೆಗಳು ದೇಶದಲ್ಲಿ ಸುಮಾರು 1,400. ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನರಿಗೆ ಅವೇ ಆಸರೆ. ಸಾಲ ತೀರಿಸಲು ಬರುವ ಎಳೆಯ ಡಾಕ್ಟರುಗಳಲ್ಲಿ ಬಹಳ ಮಂದಿ ಕೂರುವುದು ಇಂಥ ಕೇಂದ್ರಗಳ ಕುರ್ಚಿಯಲ್ಲೇ.

ಕುರ್ಚಿ ಸಿಕ್ಕರೂ ನಂಬಿಕೆ ಕೂಡಲೇ ಸಿಗುವುದಿಲ್ಲ. ಪಕ್ಕದ ಸನ್‌ಫ್ಲವರ್ ಕೌಂಟಿಯ ರೂಲ್‌ವಿಲ್‌ನವರು ಫ್ಯಾನಿ ಲೂ ಹೇಮರ್. ಹತ್ತಿ ಬಿಡಿಸುತ್ತಿದ್ದ, ಮತದಾನದ ಹಕ್ಕಿಗಾಗಿ ಜೈಲಿನಲ್ಲಿ ಹೊಡೆತ ತಿಂದ ಹೆಣ್ಣುಮಗಳು. 1961ರಲ್ಲಿ ಗಡ್ಡೆ ತೆಗೆಸಲು ಆಸ್ಪತ್ರೆಗೆ ಹೋದಾಗ, ಅವರನ್ನು ಕೇಳದೆ ಗರ್ಭಕೋಶವನ್ನೇ ತೆಗೆದರು. ಬಡ ಕಪ್ಪು ಹೆಂಗಸರಿಗೆ ಹೀಗೆ ಮಾಡುವುದು ಆಗ ಇಲ್ಲಿ ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. 1977ರಲ್ಲಿ ಅವರು ಕೊನೆಯುಸಿರೆಳೆದದ್ದು ಮೌಂಡ್ ಬಾಯೂ ಆಸ್ಪತ್ರೆಯಲ್ಲಿ. ನೋಟ್‌ಬುಕ್ಕಿನ ಹೆಂಗಸು ಹೇಮರ್ ಅವರನ್ನು ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಕಂಡಿದ್ದರಂತೆ. ಅವರ ಹಾಡು ಇನ್ನೂ ಕಿವಿಯಲ್ಲಿದೆ ಎಂದರು. ಇಲ್ಲಿಯ ಹಿರಿಯರು ಬಿಳಿ ಕೋಟನ್ನು ನಂಬಲು ಹೊತ್ತು ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಲೇಬೇಕು. ಎರಡು ವರ್ಷದ ಕರಾರಿನಲ್ಲಿ ಮೊದಲ ವರ್ಷ ಆ ನಂಬಿಕೆಗೇ ಖರ್ಚಾಗುತ್ತದೆ. ಯೋಜನೆ ಬರೆದವರ ಸೂತ್ರದಲ್ಲಿ ಬಡತನಕ್ಕೆ ಅಂಕವಿದೆ, ದೂರಕ್ಕೆ ಅಂಕವಿದೆ, ಇದಕ್ಕಿಲ್ಲ.

ಇನ್ನೊಂದು ಮನ್ನಾ ದೀರ್ಘದ್ದು. 2007ರಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿದ್ದುಕೊಂಡು 120 ಕಂತು, ಅಂದರೆ ಹತ್ತು ವರ್ಷ, ಕಟ್ಟಿದರೆ ಉಳಿದ ಸಾಲ ಮಾಫಿ. 2017ರಲ್ಲಿ ಮೊದಲ ಅರ್ಜಿಗಳು ಬಂದವು. ಆರಂಭದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ತಿರಸ್ಕಾರವಾದವು. ಸಾಲದ ಬಗೆ ಸರಿಯಿಲ್ಲ, ಕಂತಿನ ಯೋಜನೆ ಸರಿಯಿಲ್ಲ, ನಮೂನೆ ಸರಿಯಿಲ್ಲ. ಹತ್ತು ವರ್ಷ ನಂಬಿ ಕೂತವರಿಗೆ ಹಾಗೆ ಮಾಡಿದ್ದು ಮೋಸವೇ ಸರಿ. 2021ರಲ್ಲಿ ನಿಯಮ ಸಡಿಲಿಸಿದ ಮೇಲೆ ಬಾಗಿಲು ತೆರೆಯಿತು. 2024ರ ಅಕ್ಟೋಬರ್ ಹೊತ್ತಿಗೆ ಮನ್ನಾ ಪಡೆದವರು 10 ಲಕ್ಷ ದಾಟಿದ್ದರು, ಅವರಲ್ಲಿ ಶಿಕ್ಷಕರು, ದಾದಿಯರು, ವೈದ್ಯರು ಎಲ್ಲರೂ ಇದ್ದಾರೆ. ರೆಸಿಡೆನ್ಸಿಯ ವರ್ಷಗಳೂ ಇದರಲ್ಲಿ ಎಣಿಕೆಗೆ ಸೇರಬಹುದು ಎಂಬುದು ಡಾಕ್ಟರಿಗೆ ಅನುಕೂಲ. ಆದರೆ ನಗರದ ದೊಡ್ಡ ಲಾಭರಹಿತ ಆಸ್ಪತ್ರೆಯಲ್ಲಿದ್ದರೂ ಇದು ಸಿಗುತ್ತದೆ. ಡೆಲ್ಟಾಕ್ಕೇ ಬರಬೇಕೆಂದಿಲ್ಲ.

ಸಾಲವಿಲ್ಲದೆಯೂ ಇಂಥ ಊರಿಗೆ ಬಂದವರಿದ್ದಾರೆ. ಅವರಲ್ಲಿ ನಮ್ಮವರೂ ಇದ್ದಾರೆ. ಜೆ-1 ವೀಸಾದಲ್ಲಿ ಅಮೆರಿಕಕ್ಕೆ ಹೋಗಿ ರೆಸಿಡೆನ್ಸಿ ಮಾಡಿದ ವೈದ್ಯರು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬುದು ನಿಯಮ. ನಾರ್ತ್ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ 1994ರಲ್ಲಿ ತಂದ ಕಾನೂನು ಅದಕ್ಕೆ ಒಂದು ಕಿಂಡಿ ತೆರೆಯಿತು: ವೈದ್ಯರಿಲ್ಲದ ಪ್ರದೇಶದಲ್ಲಿ ಮೂರು ವರ್ಷ ದುಡಿದರೆ ಮರಳುವುದು ಬೇಡ. ಈಗ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಮಂದಿ. ಡೆಲ್ಟಾ ಪ್ರಾದೇಶಿಕ ಪ್ರಾಧಿಕಾರ ಇದೇ ಬಗೆಯ ಇನ್ನೊಂದು ದಾರಿಯನ್ನು ನಡೆಸುತ್ತದೆ. ಅದರ ಕಚೇರಿ ಕ್ಲಾರ್ಕ್ಸ್‌ಡೇಲ್‌ನಲ್ಲೇ ಇದೆ. ಮೈಸೂರಿನಲ್ಲೋ, ದಾವಣಗೆರೆಯಲ್ಲೋ, ಹುಬ್ಬಳ್ಳಿಯಲ್ಲೋ ಎಂಬಿಬಿಎಸ್ ಮುಗಿಸಿ, ಅಮೆರಿಕದ ಯಾವುದೋ ಸಣ್ಣ ಊರಿನಲ್ಲಿ ಹೀಗೆ ಬೇರು ಬಿಟ್ಟ ಕನ್ನಡಿಗ ವೈದ್ಯರು ಹಲವರು. ಅವರು ಬಂದದ್ದು ಒಳ್ಳೆಯದೇ. ಆದರೆ ದೇವದುರ್ಗಕ್ಕೂ ಒಬ್ಬ ಡಾಕ್ಟರು ಬೇಕಿತ್ತು ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಮ್ಮಲ್ಲಿ ಆಮಿಷಕ್ಕಿಂತ ಅಂಜಿಕೆ ಹೆಚ್ಚು. ಕರ್ನಾಟಕದ 2012ರ ಕಾಯ್ದೆ ವೈದ್ಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆ ವಿಧಿಸಿತು, ತಪ್ಪಿದರೆ ದಂಡವೆಂದಿತು, ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಹಾಸ್ಟೆಲಿನ ಮಾತಿನಲ್ಲಿ ಅದು 'ಬಾಂಡ್ ಮುಗಿಸುವುದು'. ಖಾಸಗಿ ಕಾಲೇಜಿನಲ್ಲಿ ಬ್ಯಾಂಕ್ ಸಾಲ ತೆಗೆದು ಓದಿದ ಹುಡುಗ ಪಿಎಚ್‌ಸಿಯಲ್ಲಿ ಎಷ್ಟು ಬೆವರು ಹರಿಸಿದರೂ ಬ್ಯಾಂಕಿನ ಬಡ್ಡಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ಆ ವರ್ಷದ ಜೊತೆ ಸಾಲದ ಒಂದು ಪಾಲನ್ನೂ ಇಳಿಸಿದ್ದರೆ ಅವನು ದಿನ ಎಣಿಸುವ ಬದಲು ಊರಿನ ಕಡೆ ಮುಖ ತಿರುಗಿಸುತ್ತಿದ್ದನೇನೋ. ಹಾಗೆ ಆಗಬೇಕೆಂದು ನಾನು ಬಯಸುತ್ತೇನೆ.

ಡೆಲ್ಟಾದಲ್ಲಿ ಈಗ ಗಾಳಿ ಬದಲಾಗಿದೆ. 2022ರಲ್ಲಿ ಗ್ರೀನ್‌ವುಡ್‌ನ ಆಸ್ಪತ್ರೆ ಹೆರಿಗೆ ವಿಭಾಗ ಮುಚ್ಚಿತು; ಅದೇ ವರ್ಷ ಗ್ರೀನ್‌ವಿಲ್‌ನಲ್ಲಿ ಇಡೀ ಡೆಲ್ಟಾಕ್ಕೆ ಇದ್ದ ಒಂದೇ ನವಜಾತ ಶಿಶುಗಳ ತೀವ್ರ ನಿಗಾ ಘಟಕ ನಿಂತಿತು. 2025ರ ಜುಲೈನಲ್ಲಿ ಆದ ಕಾನೂನು ವೃತ್ತಿಶಿಕ್ಷಣಕ್ಕೆ ಕೇಂದ್ರ ಸರ್ಕಾರ ಕೊಡುವ ಸಾಲಕ್ಕೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ಮಿತಿ ಹಾಕಿದೆ. 2026ರ ಜುಲೈಯಿಂದ ಜಾರಿ. ಶುಲ್ಕ ಅದಕ್ಕೂ ಮೇಲಿರುವಲ್ಲಿ ಉಳಿದದ್ದನ್ನು ಖಾಸಗಿ ಬ್ಯಾಂಕಿನಿಂದ ತರಬೇಕು, ಮತ್ತು ಖಾಸಗಿ ಸಾಲಕ್ಕೆ ಆ 120 ಕಂತಿನ ಮನ್ನಾ ಇಲ್ಲ. ಇದರಿಂದ ಮೊದಲು ಹಿಂದೆ ಸರಿಯುವವರು ಮನೆಯಲ್ಲಿ ಹಣವಿಲ್ಲದ ಮಕ್ಕಳು. ಡೆಲ್ಟಾದಲ್ಲೇ ಹುಟ್ಟಿ ಡಾಕ್ಟರಾಗಿ ಡೆಲ್ಟಾಕ್ಕೇ ಮರಳುವ ಮನಸ್ಸು ಹೆಚ್ಚಾಗಿ ಇರುವುದು ಅಂಥ ಮಕ್ಕಳಲ್ಲೇ. ಅವರಿಗಾಗಿಯೇ ಮಿಸಿಸಿಪ್ಪಿ 2007ರಲ್ಲಿ ಗ್ರಾಮೀಣ ವೈದ್ಯರ ವಿದ್ಯಾರ್ಥಿವೇತನ ಶುರುಮಾಡಿತ್ತು: ಓದುವಾಗಲೇ ಹಣ, ಮುಗಿದ ಮೇಲೆ ಸಣ್ಣ ಊರಿನಲ್ಲಿ ಸೇವೆ. ಸಾಲ ಮಾಡಿಸಿ ಆಮೇಲೆ ತೀರಿಸುವುದಕ್ಕಿಂತ ಇದು ಮೇಲೆಂದು ನನ್ನ ನಂಬಿಕೆ.

ಮಧ್ಯಾಹ್ನ ನೋಟ್‌ಬುಕ್ಕಿನ ಹೆಂಗಸು ಒಳಗೆ ಹೋಗುವಾಗ ನನ್ನನ್ನೂ ಕರೆದರು. ಡಾಕ್ಟರು ಕಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಿದಳು, ಸಕ್ಕರೆಯ ಅಂಕಿ ಇಳಿದದ್ದಕ್ಕೆ ಇಬ್ಬರೂ ಖುಷಿಪಟ್ಟರು. ಅವಳ ಕರಾರು ಮುಗಿಯಲು ಹೆಚ್ಚು ದಿನವಿಲ್ಲ. ಉಳಿಯುವ ಆಸೆಯಿದೆ, ಗಂಡ ಗಣಿತದ ಮೇಷ್ಟ್ರು, ಇಲ್ಲಿ ಇನ್ನೂ ಕೆಲಸ ಸಿಕ್ಕಿಲ್ಲ, ಕೆಲಸವಿಲ್ಲದೆ ಒಬ್ಬ ಮನುಷ್ಯ ಎಷ್ಟು ದಿನ ಮನೆಯಲ್ಲಿ ಕೂತಾನು? ಅಡುಗೆಮನೆಯ ನಿವೃತ್ತೆ ಕಾಲುಚೀಲ ಏರಿಸಿಕೊಳ್ಳುತ್ತಾ, ಇದೇ ಕೌಂಟಿಯ ಕ್ಲೀವ್‌ಲ್ಯಾಂಡ್‌ನ ಶಾಲೆಯಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಒಬ್ಬ ಗಣಿತದವರು ನಿವೃತ್ತರಾಗುತ್ತಾರೆ, ಅಲ್ಲಿಯ ಪ್ರಿನ್ಸಿಪಾಲರು ಚಿಕ್ಕ ಹುಡುಗನಾಗಿದ್ದಾಗ ತನ್ನ ಕೈಯಡುಗೆ ಉಂಡವನು, ಭಾನುವಾರ ಚರ್ಚಿನಲ್ಲಿ ಸಿಗುತ್ತಾನೆ ಎಂದರು. ಗಂಡನ ಓದು, ಅನುಭವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಶನಿವಾರದೊಳಗೆ ತನ್ನ ಕೈಗೆ ಕೊಡಬೇಕೆಂದು ಡಾಕ್ಟರಿಗೆ ತಾಕೀತು ಮಾಡಿ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದನ್ನೂ ಬರೆದುಕೊಂಡರು.